ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ: ಕಾಡುಬಸಳೆ ಎಲೆಯ ಇನ್ನೂರು ವರ್ಷದ ಕಥೆ

ಕಾಡುಬಸಳೆ ನಮ್ಮಲ್ಲಿ ಅನೇಕರ ಹಿತ್ತಲಲ್ಲಿ ಇದೆ. ಎಲೆ ಕಿತ್ತು ಮಣ್ಣಿನ ಮೇಲೆ ಇಟ್ಟರೆ ಸಾಕು, ಅಂಚಿನಲ್ಲೇ ಮರಿಗಿಡ ಹುಟ್ಟುತ್ತದೆ. ಕಿಡ್ನಿ ಕಲ್ಲಿಗೆ ಮದ್ದು ಎಂದು ತಿನ್ನುವವರೂ ಇದ್ದಾರೆ. ಈ ಎಲೆಗೆ ವಿಜ್ಞಾನದ ಚರಿತ್ರೆಯಲ್ಲೂ ಒಂದು ಜಾಗವಿದೆ. ಅದನ್ನು ಕೊಡಿಸಿದವರು ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ವ್ಯಕ್ತಿ.

ಅವರ ಹೆಸರು ಬೆಂಜಮಿನ್ ಹೈನ್. ಜರ್ಮನಿಯವರು. ಮಿಷನರಿಯಾಗಿ ತರಂಗಂಬಾಡಿಗೆ ಬಂದು, ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞರಾದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲೂ ಕೆಲಸ ಮಾಡಿದರು. ಲಾಲ್‌ಬಾಗ್‌ನ ಹೊಣೆಯೂ ಅವರಿಗೆ ಬಂತು.

1813ರಲ್ಲಿ ಹೈನ್ ಲಂಡನ್ನಿನ ಲ್ಯಾಂಬರ್ಟ್ ಎಂಬ ಸಸ್ಯತಜ್ಞರಿಗೆ ಒಂದು ಪತ್ರ ಬರೆದರು. ಕಾಡುಬಸಳೆ ಎಲೆ ಬೆಳಿಗ್ಗೆ ಬಲು ಹುಳಿ, ಹೊತ್ತೇರಿದಂತೆ ಹುಳಿ ಇಳಿದು ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. ಪತ್ರದ ಸಾರ ಇಷ್ಟೇ. 1815ರಲ್ಲಿ ಲಿನಿಯನ್ ಸೊಸೈಟಿ ಅದನ್ನು ಅಚ್ಚು ಹಾಕಿಸಿತು. ಹೈನ್ ಬಳಸಿದ ಉಪಕರಣ ನಾಲಿಗೆ ಒಂದೇ. ಅವರು ಮಾಡಿದ ದೊಡ್ಡ ಕೆಲಸವೆಂದರೆ ರುಚಿಯ ಜೊತೆಗೆ ಹೊತ್ತನ್ನೂ ಬರೆದಿಟ್ಟದ್ದು.

ಅದಕ್ಕೂ ಮೊದಲೇ, 1804ರಲ್ಲಿ, ಜಿನೀವಾದ ಡಿ ಸೊಸ್ಯೂರ್ ಪಾಪಾಸುಕಳ್ಳಿ ರಾತ್ರಿ ಹೊತ್ತು ಇಂಗಾಲದ ಡೈಆಕ್ಸೈಡ್ ಹೀರುವುದನ್ನು ಗಮನಿಸಿದ್ದರು. ಒಬ್ಬರಿಗೆ ಗಾಳಿ ಸಿಕ್ಕಿತ್ತು, ಇನ್ನೊಬ್ಬರಿಗೆ ಹುಳಿ. ಎರಡೂ ಒಂದೇ ಕೆಲಸದ ಎರಡು ಮುಖ ಎಂದು ಸ್ಪಷ್ಟವಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1940ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೆರಿಯನ್ ಥಾಮಸ್ ಮತ್ತು ಸಂಗಡಿಗರು ಇದೇ ಗಿಡದ ಮೇಲೆ ಕೆಲಸ ಮಾಡಿ ಆ ನಂಟನ್ನು ಬಿಡಿಸಿದರು.

ಲೆಕ್ಕ ಹೀಗಿದೆ. ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತವೆ. ಆಗ ಅದೇ ರಂಧ್ರದಿಂದ ನೀರು ಆವಿಯಾಗಿ ಹೋಗುತ್ತದೆ. ಕಾಡುಬಸಳೆ ತಂಪಾದ ರಾತ್ರಿಯಲ್ಲಿ ರಂಧ್ರ ತೆರೆಯುತ್ತದೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ, ಅಂದರೆ ಸೇಬಿನಲ್ಲಿರುವ ಹುಳಿಯಾಗಿ, ಕೂಡಿಡುತ್ತದೆ. ಹಗಲು ಬಾಗಿಲು ಮುಚ್ಚಿ, ಆ ಹುಳಿಯನ್ನು ಒಡೆದು, ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಹೈನ್ ನಾಲಿಗೆಗೆ ತಾಕಿದ್ದು ಹಿಂದಿನ ರಾತ್ರಿಯ ಗಳಿಕೆ.

ಈ ಹುಳಿಯಲ್ಲಿ ಮಣ್ಣಿನ ಪಾಲೂ ಇದೆ. 1947ರಲ್ಲಿ ಅಮೆರಿಕದ ಕನೆಕ್ಟಿಕಟ್ ಕೃಷಿ ಸಂಶೋಧನಾ ಕೇಂದ್ರದ ಪುಚರ್, ವಿಕರಿ ಮತ್ತು ಸಂಗಡಿಗರು ಕಾಡುಬಸಳೆಗೆ ಸಾರಜನಕವನ್ನು ಎರಡು ರೂಪದಲ್ಲಿ ಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ನೈಟ್ರೇಟ್ ಉಂಡ ಗಿಡದ ಎಲೆಯಲ್ಲಿ ಆಮ್ಲ ಹೆಚ್ಚಿತ್ತು, ಅಮೋನಿಯಂ ಉಂಡ ಗಿಡದಲ್ಲಿ ಕಡಿಮೆ. ಕೊಟ್ಟದ್ದು ಸಾರಜನಕವೇ, ಆದರೆ ರೂಪ ಬದಲಾದರೆ ಎಲೆಯ ಒಳಗಿನ ಲೆಕ್ಕವೂ ಬದಲಾಗುತ್ತದೆ.

1974ರಲ್ಲಿ ಆಸ್ಟ್ರೇಲಿಯಾದ ಬ್ರೌನೆಲ್ ಮತ್ತು ಕ್ರಾಸ್‌ಲ್ಯಾಂಡ್ ಇನ್ನೊಂದು ಅಚ್ಚರಿ ಕಂಡರು. ಕಾಡುಬಸಳೆಯ ದಾಯಾದಿ ಗಿಡವೊಂದನ್ನು ರಾತ್ರಿ ಹುಳಿ ಕೂಡಿಡುವ ಸ್ಥಿತಿಯಲ್ಲಿ ಬೆಳೆಸಿದಾಗ, ಚೂರು ಸೋಡಿಯಂ ಸಿಕ್ಕರೆ ಅದು ಚೆನ್ನಾಗಿ ಬೆಳೆಯಿತು. ಸೋಡಿಯಂ ಅಂದರೆ ನಮಗೆ ನೆನಪಾಗುವುದು ಚೌಳು ಭೂಮಿ, ಕೆಟ್ಟ ಹೊಲ. ಅದೇ ಸೋಡಿಯಂ ಅಳತೆಯಲ್ಲಿದ್ದರೆ ಕೆಲವು ಗಿಡಗಳಿಗೆ ಬೇಕು.

ಈ ಚರಿತ್ರೆ ನಮಗೆ ಏಕೆ ಬೇಕು? ಬದುವಿನ ಕತ್ತಾಳೆ, ಪಾಪಾಸುಕಳ್ಳಿ, ಲೋಳೆಸರ, ಅನಾನಸ್, ಈಗ ಒಣ ತಾಲೂಕುಗಳಲ್ಲೂ ಕಾಣುವ ಡ್ರ್ಯಾಗನ್ ಫ್ರೂಟ್, ಇವೆಲ್ಲ ಇದೇ ರಾತ್ರಿ ಪಾಳಿಯ ಗಿಡಗಳು. ಬೋರ್‌ವೆಲ್ ಬತ್ತಿದ ಊರಲ್ಲಿ ಇವು ಹೇಗೆ ನೀರು ಉಳಿಸುತ್ತವೆ ಎಂದು ತಿಳಿದವರು, ಅವುಗಳಿಗೆ ಕಬ್ಬಿಗೆ ಹರಿಸಿದಂತೆ ನೀರು ಹರಿಸುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಒಂದು ಎಚ್ಚರಿಕೆ. ಹೈನ್ ಹಾಗೆ ಪರೀಕ್ಷೆ ಮಾಡುತ್ತೇವೆಂದು ಎಲೆ ಅಗಿಯಬೇಡಿ. ಈ ಗಿಡಗಳಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷಾಂಶ ಇದೆ. ಆಸ್ಟ್ರೇಲಿಯಾದಲ್ಲಿ ಇದೇ ಜಾತಿಯ ಗಿಡ ಮೇಯ್ದು ದನಗಳು ಸತ್ತಿವೆ. ಹಿತ್ತಲಲ್ಲಿ ಇದ್ದರೆ ಇರಲಿ, ಕೊಟ್ಟಿಗೆಯ ಹತ್ತಿರ ಬೇಡ. ಮದ್ದಿಗೆಂದು ತಿನ್ನುವವರು ಮೊದಲು ಡಾಕ್ಟರನ್ನು ಕೇಳಿ.