ಅವಕೆಂಪು ಛಾಯಾಗ್ರಹಣ: ಹೈದರಾಬಾದಿನ ಅಧ್ಯಾಯ

ಕಣ್ಣಿಗೆ ಕಾಣುವ ಬೆಳಕನ್ನು ಬಾಗಿಲಲ್ಲೇ ತಡೆದು, ಕೆಂಪಿನ ಆಚೆಗಿರುವ ಕಾಣದ ಬೆಳಕನ್ನಷ್ಟೇ ಕ್ಯಾಮೆರಾದೊಳಗೆ ಬಿಟ್ಟುಕೊಂಡು ತೆಗೆಯುವ ಚಿತ್ರವೇ ಅವಕೆಂಪು ಛಾಯಾಚಿತ್ರ. ಮಸೂರದ ಮುಂದೆ ಕೂರಿಸುವ ಫಿಲ್ಟರು ನೋಡಲು ಇದ್ದಿಲಿನಷ್ಟು ಕಪ್ಪು. ಪ್ರಖರ ದೀಪಕ್ಕೆ ಹಿಡಿದರೆ ಕಡುಗೆಂಪಿನ ಒಂದು ಮಿಣುಕು ಕಂಡೀತು, ಅಷ್ಟೆ. ಸುಮಾರು 700ರಿಂದ 1100 ನ್ಯಾನೋಮೀಟರ್ ತರಂಗಾಂತರದ ಬೆಳಕು ಇದರ ವ್ಯಾಪ್ತಿ. ಮೈಯ ಬಿಸಿಯನ್ನು ತೋರಿಸುವ ಥರ್ಮಲ್ ಕ್ಯಾಮೆರಾಗಳು ಬೇರೆಯೇ ಜಾತಿ. ಅವು ನೋಡುವ ಅಲೆಗಳು ಇದಕ್ಕಿಂತ ಸುಮಾರು ಹತ್ತು ಪಟ್ಟು ಉದ್ದ. ಕನ್ನಡದಲ್ಲಿ ಈ ಕಾಣದ ಬೆಳಕಿಗೆ ಅತಿಗೆಂಪು, ಅವಕೆಂಪು ಎಂದು ಎರಡು ಹೆಸರುಗಳಿವೆ. ‘ಅತಿ’ ಎಂದಾಗ ಕೆಂಪಿಗಿಂತ ಹೆಚ್ಚು ಕೆಂಪು ಎಂಬ ತಪ್ಪು ಕಲ್ಪನೆ ಹುಟ್ಟುವುದರಿಂದ, ‘ಕೆಳಗಿನದು’ ಎಂಬರ್ಥದ ‘ಅವ’ವೇ ಇಲ್ಲಿ ವಾಸಿ. ಕ್ಯಾಮೆರಾ ಅಂಗಡಿಯಲ್ಲಿ ಮಾತ್ರ ಎಲ್ಲರೂ ಐಆರ್ ಎಂದೇ ಕೇಳುತ್ತಾರೆ.

ಹೈದರಾಬಾದಿನ ಛಾಯಾಗ್ರಹಣದ ಕಥೆ ಶುರುವಾಗುವುದು ಇದಕ್ಕೆ ನೇರ ವಿರುದ್ಧ ದಿಕ್ಕಿನಿಂದ. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕನಾಗಿದ್ದ ರಾಜಾ ದೀನ್ ದಯಾಳ್ 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದ. ಆ ಕಾಲದ ಸಾಮಾನ್ಯ ಗಾಜಿನ ಫಲಕಗಳಿಗೆ ನೀಲಿಯೊಂದೇ ಚೆನ್ನಾಗಿ ಕಾಣುತ್ತಿತ್ತು. ಕೆಂಪಿಗೆ ಅವು ಕುರುಡು. ಹಾಗಾಗಿ ಅಂದಿನ ಚಿತ್ರಗಳಲ್ಲಿ ಆಕಾಶ ತೊಳೆದ ಬಟ್ಟೆಯ ಹಾಗೆ ಬಿಳಿ, ಮರಗಳ ಎಲೆ ಕಡುಕಪ್ಪು. ಅದೇ ಅರಮನೆ, ಅದೇ ಬಂಗಲೆಯ ಎದುರು ಇಂದು ಐಆರ್ ಫಿಲ್ಟರು ಹಾಕಿ ನಿಂತರೆ ಆಕಾಶ ಕಪ್ಪಾಗಿ ಎಲೆ ಬೆಳ್ಳಗಾಗುತ್ತದೆ. ಫಲಕದ ಕಣ್ಣು ನೀಲಿಯಿಂದ ಕೆಂಪಿನಾಚೆಗೆ ಹೊರಳಲು ಹಲವು ದಶಕ ಹಿಡಿಯಿತು.

ಹೊರಳಿಸಿದವರು ದೂರದವರು. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಹೊಮ್ಮಿದ ಬಣ್ಣಗಳಲ್ಲಿ ಉಷ್ಣಮಾಪಕ ಇಟ್ಟು ನೋಡುತ್ತಿದ್ದಾಗ, ಕೆಂಪು ಮುಗಿದ ಮೇಲಿನ ಖಾಲಿ ಜಾಗದಲ್ಲೂ ಪಾದರಸ ಏರಿತು. ಅವನ ಮಗ ಜಾನ್ 1840ರಲ್ಲಿ, ಮಸಿ ಬಳಿದ ಕಾಗದವನ್ನು ಆಲ್ಕೊಹಾಲಿನಲ್ಲಿ ನೆನೆಸಿ, ಅದು ಒಣಗುವ ಬಗೆಯಲ್ಲೇ ಆ ಕಾಣದ ಬೆಳಕಿನ ಗುರುತು ಹಿಡಿದ. ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ, ಫಲಕಕ್ಕೆ ಬಣ್ಣದ ರಾಸಾಯನಿಕ ಬೆರೆಸಿದರೆ ಅದು ನೀಲಿಯಾಚೆಗೂ ನೋಡುತ್ತದೆಂದು ಕಂಡುಕೊಂಡ. ಕೊನೆಗೆ 1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ ಭೂದೃಶ್ಯಗಳನ್ನೇ ಹಾಗೆ ತೆಗೆದು ಪ್ರಕಟಿಸಿದ. ಅವನ ಫಿಲ್ಟರು ಕಡುನೀಲಿ ಕೋಬಾಲ್ಟ್ ಗಾಜು ಮತ್ತು ಕಿತ್ತಳೆ ಬಣ್ಣದ ಬೈಕ್ರೋಮೇಟ್ ದ್ರಾವಣದ ಜೋಡಿ. ಒಂದು ಬಿಟ್ಟದ್ದನ್ನು ಇನ್ನೊಂದು ನುಂಗುತ್ತಿತ್ತು. ಎರಡನ್ನೂ ದಾಟಿ ಬರುತ್ತಿದ್ದುದು ಕೆಂಪಿನ ಅಂಚಿನ ಬೆಳಕು ಮಾತ್ರ. ಎಲೆಗಳು ಹಿಮ ಬಿದ್ದಂತೆ ಹೊಳೆಯುವುದನ್ನು ಇಂದಿಗೂ ‘ವುಡ್ ಪರಿಣಾಮ’ ಎನ್ನುತ್ತಾರೆ. ಅದು ಮರಕ್ಕೆ ಸಂಬಂಧಿಸಿದ ಹೆಸರೆಂದು ಎಷ್ಟೋ ಜನ ತಿಳಿದಿದ್ದಾರೆ. ಹೆಸರು ಈ ವುಡ್‌ನದು.

ಎಲೆ ಹೊಳೆಯುವುದರ ಗುಟ್ಟು ಅದರ ಒಳಕಟ್ಟಿನಲ್ಲಿದೆ. ಪತ್ರಹರಿತ್ತು ಕೆಂಪು, ನೀಲಿಗಳನ್ನು ನುಂಗಿ ಹಸಿರನ್ನು ಒಂದಿಷ್ಟು ಬಿಟ್ಟುಕೊಡುತ್ತದೆ. ಅವಕೆಂಪು ಅದಕ್ಕೆ ಬೇಡ. ಆ ಬೆಳಕು ಎಲೆಯೊಳಗಿನ ಸ್ಪಂಜಿನಂಥ ಕೋಶಗಳ ಗೋಡೆ ಮತ್ತು ಗಾಳಿಯ ಸಂದುಗಳ ನಡುವೆ ಚೆಂಡಿನಂತೆ ಪುಟಿದು, ಹೆಚ್ಚುಕಡಿಮೆ ಅರ್ಧದಷ್ಟು ವಾಪಸು ಬರುತ್ತದೆ. ರೋಗ ತಗುಲಿ ಕೋಶಗಳು ಕುಸಿದರೆ ಈ ಹೊಳಪು ಕುಂದುತ್ತದೆ. ನೀರಿಗೆ ಮಾತ್ರ ಅವಕೆಂಪು ಹಸಿವು ಹೆಚ್ಚು, ಅದಕ್ಕೇ ಕೆರೆ ಕಪ್ಪು. ಆಕಾಶ ಕಪ್ಪಾಗುವುದಕ್ಕೆ ಕಾರಣ ಬೇರೆ: ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮ. ಲೆಕ್ಕ ಹಾಕಿದರೆ, 450 ನ್ಯಾನೋಮೀಟರಿನ ನೀಲಿ ಚದುರುವುದರ ಆರರಲ್ಲೊಂದು ಪಾಲಿಗಿಂತಲೂ ಕಡಿಮೆ 720ರ ಬೆಳಕು ಚದುರುತ್ತದೆ.

ಎಲೆಯ ಈ ಗುಣವನ್ನು ಮೊದಲು ದುಡಿಸಿಕೊಂಡಿದ್ದು ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಕೊಡಕ್ ರೂಪಿಸಿದ ಬಣ್ಣದ ಅವಕೆಂಪು ಫಿಲಂನಲ್ಲಿ ನಿಜವಾದ ಹಸಿರು ಗಿಡ ಕೆಂಪಾಗಿಯೂ, ಹಸಿರು ಬಣ್ಣ ಬಳಿದ ಫಿರಂಗಿ ಬೇರೆ ಬಣ್ಣದಲ್ಲಿಯೂ ಮೂಡುತ್ತಿತ್ತು. ಭಾರತಕ್ಕೆ ಈ ಫಿಲಂ ಬಂದಿದ್ದು ಯುದ್ಧಕ್ಕಲ್ಲ, ತೆಂಗಿನ ತೋಟಕ್ಕೆ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಶಾರೋಟಿ ಅವರ ನೇತೃತ್ವದ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಬೇರು ಸೊರಗು ರೋಗ ತಗುಲಿದ ಮರಗಳನ್ನು ಈ ಫಿಲಂನಲ್ಲಿ ಗುರುತಿಸಿತು. ದೇಶದ ದೂರಸಂವೇದನೆಯ ಚರಿತ್ರೆ ಆರಂಭವಾಗುವುದು ಸಾಮಾನ್ಯವಾಗಿ ಈ ಹಾರಾಟದಿಂದಲೇ.

ಅವಕೆಂಪು ಫಿಲಂ ಬಲು ನಾಜೂಕಿನದು. ಕೊಡಕ್‌ನ ಹೆಸರಾಂತ ಕಪ್ಪುಬಿಳುಪು ಅವಕೆಂಪು ಫಿಲಂ ಎಚ್‌ಐಇಯನ್ನು ಪೂರ್ತಿ ಕತ್ತಲಲ್ಲೇ ಕ್ಯಾಮೆರಾಕ್ಕೆ ತುಂಬಬೇಕಿತ್ತು. ತಣ್ಣಗೆ ಇಡದಿದ್ದರೆ ತನ್ನಷ್ಟಕ್ಕೆ ಮಸುಕಾಗುತ್ತಿತ್ತು. ಮೇ ತಿಂಗಳ ದಖ್ಖನಿನಲ್ಲಿ 40 ಡಿಗ್ರಿ ದಾಟುವ ಊರಿಗೆ ಇದು ಹೇಳಿ ಮಾಡಿಸಿದ ಸಾಮಗ್ರಿಯಲ್ಲ. 2007ರಲ್ಲಿ ಕೊಡಕ್ ಅದರ ತಯಾರಿಕೆಯನ್ನೇ ನಿಲ್ಲಿಸಿತು.

ಅಷ್ಟರಲ್ಲಿ ಹೈದರಾಬಾದು ಈ ಬೆಳಕಿನ ರಾಜಧಾನಿಯಾಗಿಬಿಟ್ಟಿತ್ತು. 1974ರಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಇಲ್ಲಿ ಸ್ಥಾಪನೆಯಾಯಿತು. ನಗರದ ಹೊರಗೆ ಶಾದ್‌ನಗರದಲ್ಲಿ ನಿಂತ ದೊಡ್ಡ ಆಂಟೆನಾಗಳು ಆ ದಶಕದ ಕೊನೆಗೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ನೇರವಾಗಿ ಹಿಡಿಯತೊಡಗಿದವು. ಅಂದಿನ ಲ್ಯಾಂಡ್‌ಸ್ಯಾಟ್ ಸಾಧನಕ್ಕೆ ನೀಲಿ ಕಣ್ಣೇ ಇರಲಿಲ್ಲ. ಹಸಿರು, ಕೆಂಪು ಮತ್ತು ಎರಡು ಅವಕೆಂಪು ಪಟ್ಟಿಗಳಿದ್ದವು. ಹಾಗಾಗಿ ಅವಕೆಂಪಿಗೆ ಕೆಂಪು, ಕೆಂಪಿಗೆ ಹಸಿರು, ಹಸಿರಿಗೆ ನೀಲಿ ಎಂದು ಬಣ್ಣಗಳನ್ನು ಒಂದೊಂದು ಮೆಟ್ಟಿಲು ಸರಿಸಿ ಚಿತ್ರ ಕಟ್ಟಿದರು. ಇದಕ್ಕೆ ಹುಸಿಬಣ್ಣದ ಚಿತ್ರ ಎಂದು ಹೆಸರು. ಹೈದರಾಬಾದಿನ ತಜ್ಞರ ಮೇಜಿನ ಮೇಲೆ ಪಶ್ಚಿಮಘಟ್ಟವೆಂದರೆ ರಕ್ತಗೆಂಪು, ತುಂಗಭದ್ರಾ ಜಲಾಶಯವೆಂದರೆ ಮಸಿಗಪ್ಪು.

ಆ ಕೆಂಪು ಬರಿಯ ಅಲಂಕಾರವಾಗಿರಲಿಲ್ಲ. 1972–75 ಮತ್ತು 1980–82ರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಸಂಸ್ಥೆ ದೇಶದ ಕಾಡನ್ನು ಅಳೆಯಿತು. ಭೂಭಾಗದ ಶೇ. 16.9ರಷ್ಟಿದ್ದ ಕಾಡು ಶೇ. 14.1ಕ್ಕೆ ಇಳಿದಿತ್ತು. ಅರಣ್ಯ ಇಲಾಖೆಗಳ ಕಡತದಲ್ಲಿದ್ದ ಕಾಡಿಗೂ ನೆಲದ ಮೇಲಿನ ಕಾಡಿಗೂ ಎಷ್ಟು ಅಂತರವೆಂದು ದೇಶ ಮೊದಲ ಬಾರಿಗೆ ಬಣ್ಣದಲ್ಲಿ ನೋಡಿತು.

ಈಗ ಡಿಜಿಟಲ್ ಕ್ಯಾಮೆರಾದ ವಿಷಯ. ಹವ್ಯಾಸಿಗಳ ಕೈಗೆ ಡಿಜಿಟಲ್ ಕ್ಯಾಮೆರಾ ಬರುವ ಎಷ್ಟೋ ಮೊದಲೇ ಭಾರತದ ಅವಕೆಂಪು ಡಿಜಿಟಲ್ ಕ್ಯಾಮೆರಾ ಆಕಾಶದಲ್ಲಿತ್ತು, ಮತ್ತು ಅದನ್ನು ಹೊತ್ತ ಉಪಗ್ರಹಗಳು ಕಟ್ಟಲ್ಪಟ್ಟಿದ್ದು ಬೆಂಗಳೂರಿನಲ್ಲಿ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ನೇತೃತ್ವದಲ್ಲಿ ತಯಾರಾಗಿ 1979ರ ಜೂನ್ 7ರಂದು ಹಾರಿದ ಭಾಸ್ಕರ-1ರಲ್ಲಿ ಎರಡು ಟಿವಿ ಕ್ಯಾಮೆರಾಗಳಿದ್ದವು. ಒಂದು ಕಾಣುವ ಬೆಳಕಿಗೆ, ಇನ್ನೊಂದು 750–850 ನ್ಯಾನೋಮೀಟರಿನ ಅವಕೆಂಪಿಗೆ. ಅವು ಹಳೆಯ ಕಾಲದ ನಿರ್ವಾತ ನಳಿಕೆಗಳು. 1983ರ ಏಪ್ರಿಲ್ 17ರಂದು ಶ್ರೀಹರಿಕೋಟಾದಿಂದ ಹೋದ ಪುಟ್ಟ ರೋಹಿಣಿ ಉಪಗ್ರಹದಲ್ಲಿ ಅರೆವಾಹಕದ ಕ್ಯಾಮೆರಾ ಕೂತಿತು. ಕೆಂಪು ಮತ್ತು ಅವಕೆಂಪಿನ ಹೊಳಪನ್ನು ಹೋಲಿಸಿ ಇದು ನೀರು, ಇದು ಗಿಡ, ಇದು ಬರಿನೆಲ ಎಂದು ವಿಂಗಡಿಸುವುದು ಅದರ ಕೆಲಸ. ಎರಡೂವರೆ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಅದು ಕಳಿಸಿತು.

1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿದ ಐಆರ್‌ಎಸ್-1ಎ ಉಪಗ್ರಹದ ಲಿಸ್ ಕ್ಯಾಮೆರಾಗಳಂತೂ ಇಂದಿನ ಹವ್ಯಾಸಿಯ ಸಾಧನಕ್ಕೆ ನೇರ ಹಿರಿಯಣ್ಣ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ಅವುಗಳನ್ನು ರೂಪಿಸಿತು. ನಾಲ್ಕು ಬಣ್ಣಪಟ್ಟಿಗೆ ನಾಲ್ಕು ಬೇರೆ ಮಸೂರ, ಪ್ರತಿಯೊಂದಕ್ಕೂ ಅದರದೇ ಫಿಲ್ಟರು, ಹಿಂದೆ 2048 ಬಿಂದುಗಳ ಸಾಲು ಸಿಸಿಡಿ. ನಾಲ್ಕನೆಯ ಫಿಲ್ಟರು 770ರಿಂದ 860 ನ್ಯಾನೋಮೀಟರಿನದು. 904 ಕಿಲೋಮೀಟರ್ ಎತ್ತರದಿಂದ ಲಿಸ್-1ಕ್ಕೆ 72.5 ಮೀಟರ್, ಲಿಸ್-2ಕ್ಕೆ 36.25 ಮೀಟರ್ ನೆಲ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. 22 ದಿನಕ್ಕೊಮ್ಮೆ ಅದೇ ಹೊಲದ ಮೇಲೆ ಮರಳಿ ಬರುತ್ತಿತ್ತು. ರಾಯಚೂರಿನ ಗದ್ದೆಯ ಚಿತ್ರವೂ ಇಳಿಯುತ್ತಿದ್ದುದು ಶಾದ್‌ನಗರದಲ್ಲೇ. ಒಂದು ಕಾಲಕ್ಕೆ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳ ಲೆಕ್ಕಪತ್ರ ಮತ್ತೆ ಹೈದರಾಬಾದಿಗೆ ಬರತೊಡಗಿತು ಎಂದು ಯಾರಾದರೂ ಕುಚೋದ್ಯ ಮಾಡಿದ್ದರೆ ತಪ್ಪಿಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರಕ್ಕೆ ಇಂಥ ಚಿತ್ರಗಳೇ ಕಚ್ಚಾ ಸಾಮಗ್ರಿ. ಹೈದರಾಬಾದಿನ ಸಂಸ್ಥೆ 2008ರ ಸೆಪ್ಟೆಂಬರಿನಿಂದ ಇಸ್ರೋದ ಕೇಂದ್ರವಾಗಿ ಎನ್‌ಆರ್‌ಎಸ್‌ಸಿ ಎಂಬ ಹೆಸರು ಪಡೆಯಿತು. ಮರುವರ್ಷ ಅದರ ‘ಭುವನ್’ ಜಾಲನಕ್ಷೆ ಜನರ ಮುಂದೆ ಬಂತು.

ಉಪಗ್ರಹಕ್ಕೂ ಅಂಗಡಿಯ ಕ್ಯಾಮೆರಾಕ್ಕೂ ಕಣ್ಣು ಒಂದೇ, ಸಿಲಿಕಾನು. ಸುಮಾರು 1100 ನ್ಯಾನೋಮೀಟರಿನವರೆಗೂ ಅದಕ್ಕೆ ಕಾಣುತ್ತದೆ. ಅದು ಕಾಣುವುದೇ ತೊಂದರೆ ಎಂದು ಕ್ಯಾಮೆರಾ ತಯಾರಕರು ಸೆನ್ಸರಿನ ಮುಂದೆ ಅವಕೆಂಪನ್ನು ತಡೆಯುವ ಗಾಜೊಂದನ್ನು ಅಂಟಿಸುತ್ತಾರೆ. ತಡೆ ದುರ್ಬಲವಾದರೆ ಏನಾಗುತ್ತದೆಂಬುದಕ್ಕೆ 2006ರ ಲೈಕಾ ಎಂ8 ಸಾಕ್ಷಿ: ಕಪ್ಪು ಬಟ್ಟೆಗಳು ನೇರಳೆಯಾಗಿ ಮೂಡಿ, ಕ್ಯಾಮೆರಾ ಕೊಂಡವರಿಗೆ ಕಂಪನಿ ಅವಕೆಂಪು ತಡೆಯುವ ಫಿಲ್ಟರುಗಳನ್ನು ಪುಕ್ಕಟೆ ಕೊಡಬೇಕಾಯಿತು. ಅದಕ್ಕೂ ಮೊದಲು, 1998ರಲ್ಲಿ, ಸೋನಿಯ ನೈಟ್‌ಶಾಟ್ ವಿಡಿಯೋ ಕ್ಯಾಮೆರಾಗಳು ಆ ಗಾಜನ್ನು ಬದಿಗೆ ಸರಿಸಿ ಕತ್ತಲಲ್ಲಿ ನೋಡುತ್ತಿದ್ದವು. ಹಗಲಲ್ಲಿ ಕಪ್ಪು ಫಿಲ್ಟರು ಸೇರಿಸಿದರೆ ಕೆಲವು ತೆಳುಬಟ್ಟೆಗಳ ಮೂಲಕವೂ ಕಾಣುತ್ತದೆಂದು ಗದ್ದಲವೆದ್ದು, ಹಗಲಿನಲ್ಲಿ ಆ ಸೌಲಭ್ಯ ಕೆಲಸ ಮಾಡದಂತೆ ಕಂಪನಿ ಬದಲಾಯಿಸಿತು.

ಹವ್ಯಾಸಿಗಳಿಗೆ ಹಬ್ಬವಾದದ್ದು 2004ರ ನಿಕಾನ್ ಡಿ70. ಅದರ ಒಳಗಿನ ತಡೆ ಅಷ್ಟು ಬಿಗಿಯಿರಲಿಲ್ಲ. ಹೋಯಾ ಆರ್72 ಎಂಬ 720 ನ್ಯಾನೋಮೀಟರಿನ ಫಿಲ್ಟರು, ಒಂದು ಟ್ರೈಪಾಡು, ನೆತ್ತಿಯ ಬಿಸಿಲು ಇದ್ದರೆ ಕೆಲಸ ಆಗುತ್ತಿತ್ತು. ದುಡ್ಡಿಲ್ಲದವರು ಸ್ಲೈಡ್ ಫಿಲಂ ಸುರುಳಿಯ ಕಪ್ಪು ತುದಿಯನ್ನೇ ಕತ್ತರಿಸಿ ಮಸೂರಕ್ಕೆ ಅಂಟಿಸುತ್ತಿದ್ದರು. ಆ ಬಣ್ಣಗಳು ಅವಕೆಂಪಿಗೆ ಪಾರದರ್ಶಕ. ಕ್ಯಾಮೆರಾ ಯೋಗ್ಯವೇ ಎಂದು ತಿಳಿಯಲು ಟಿವಿ ರಿಮೋಟನ್ನು ಅದರೆದುರು ಒತ್ತಿದರೆ ಸಾಕು, ತುದಿಯ ದೀಪ ತೆರೆಯಲ್ಲಿ ಮಿನುಗಬೇಕು. ಬಿಗಿ ತಡೆಯಿರುವ ಕ್ಯಾಮೆರಾದಲ್ಲಿ ಚಿತ್ರಕ್ಕೆ ಅರ್ಧ ನಿಮಿಷವೂ ಹಿಡಿಯಬಹುದು, ಅಷ್ಟರಲ್ಲಿ ಗಾಳಿಗೆ ಎಲೆಗಳೆಲ್ಲ ಹತ್ತಿಯಂತೆ ಕದಡಿರುತ್ತವೆ. ಇದರಿಂದ ಬೇಸತ್ತವರು ಒಳಗಾಜನ್ನೇ ತೆಗೆಸಿ, ಆ ಕ್ಯಾಮೆರಾವನ್ನು ಐಆರ್‌ಗೇ ಮೀಸಲಿಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಕೆಂಪು, ನೀಲಿಗಳನ್ನು ಅದಲುಬದಲು ಮಾಡಿ ಆಕಾಶಕ್ಕೆ ನೀಲಿ ತರುತ್ತಾರೆ. ಬಣ್ಣದ ಸ್ಥಾನಪಲ್ಲಟದ ಆ ಯುಕ್ತಿ ಶಾದ್‌ನಗರದ ಚಿತ್ರಗಳಿಗೆ ಹಳೆಯದು.

ಹೈದರಾಬಾದಿನ ನೆಲವೂ ಈ ಕಲೆಗೆ ಒದಗುತ್ತದೆ. ಹುಟ್ಟುಬಂಡೆಗಳು ಅವಕೆಂಪಿನಲ್ಲೂ ತಮ್ಮ ಬೂದುತನ ಬಿಡುವುದಿಲ್ಲ. ಪಕ್ಕದ ಬೇವು, ಆಲ ಮಾತ್ರ ಬೆಳ್ಳಗೆ ಉರಿಯುತ್ತವೆ. ಕುತುಬ್‌ಶಾಹಿ ಗೋರಿಗಳ ಗುಮ್ಮಟಗಳ ಹಿಂದೆ ಆಕಾಶ ಕಪ್ಪಾದಾಗ ಕಲ್ಲುಗಾರೆಯ ಪ್ರತಿ ಗೆರೆ ಎದ್ದುಕಾಣುತ್ತದೆ. ಗೋಲ್ಕೊಂಡದ ನಯಾ ಕಿಲಾದೊಳಗೆ ಊರವರು ‘ಹಾಥಿಯಾನ್ ಕಾ ಝಾಡ್’ (ಆನೆಗಳ ಮರ) ಎನ್ನುವ ಭಾರಿ ಬಾವೊಬಾಬ್ ಮರವಿದೆ. ಸವಣೂರಿನವರಿಗೆ ಅದು ದೊಡ್ಡಹುಣಸೆ. ಬೇಸಿಗೆಯಲ್ಲಿ ಅದರ ಎಲೆ ಉದುರಿರುತ್ತದೆ. ಬಿಸಿಲು ಚೆನ್ನಾಗಿದೆಯೆಂದು ಏಪ್ರಿಲಿನಲ್ಲಿ ಫಿಲ್ಟರು ಹೊತ್ತು ಹೋದವನಿಗೆ ಸಿಗುವುದು ಬೋಳು ಆನೆಯ ಬೂದು ಚಿತ್ರ. ಹೋಗಬೇಕಾದದ್ದು ಮಳೆಗಾಲದಲ್ಲಿ, ಎರಡು ಮಳೆಯ ನಡುವೆ ಆಕಾಶ ತೊಳೆದಿರುವ ಹೊತ್ತಿನಲ್ಲಿ.

ಹುಸೇನ್ ಸಾಗರದಂಥ ಕೆರೆಗಳ ದಡದಲ್ಲಿ ಇನ್ನೊಂದು ಬಗೆಯ ಚಿತ್ರ ಸಿಗುತ್ತದೆ. ಫಿಲ್ಟರಿಗೆ ತಿಳಿನೀರು ಕಪ್ಪು. ಅದರ ಮೇಲೆ ಹಬ್ಬಿದ ಅಂತರಗಂಗೆ ಕಳೆ ಮಾತ್ರ ಹಾಸಿದ ಬಿಳಿ ಪಂಚೆಯಂತೆ ಹೊಳೆಯುತ್ತದೆ. ದಡದ ಹವ್ಯಾಸಿಗೆ ಬಿಳಿಯಾಗಿ ಕಂಡ ಆ ಕಳೆಯೇ ರಿಸೋರ್ಸ್‌ಸ್ಯಾಟ್ ಉಪಗ್ರಹದ ಹುಸಿಬಣ್ಣದ ಚಿತ್ರದಲ್ಲಿ ಕೆಂಪು ಮಚ್ಚೆಯಾಗಿ ಶಾದ್‌ನಗರಕ್ಕೆ ಇಳಿಯುತ್ತದೆ.