ಗೊರಸಿನಿಂದ ಕೀಲಿಗೆ

ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರೊಬ್ಬರ ಡಿಸ್ಚಾರ್ಜ್ ಹಾಳೆಯಲ್ಲಿ ‘ಐವಿಐಜಿ’ ಎಂಬ ನಾಲ್ಕಕ್ಷರ ಇತ್ತು. ಕಾಯಿಲೆಯ ಹೆಸರು ಡರ್ಮಟೊಮಯೊಸೈಟಿಸ್. ಸಂಧಿವಾತದ ತಜ್ಞರು ನೋಡುವ ಕಾಯಿಲೆ ಇದು. ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ಸ್ನಾಯು, ಚರ್ಮಗಳ ಮೇಲೇ ತಿರುಗಿಬೀಳುತ್ತದೆ. ತೊಡೆ, ಸೊಂಟ, ಭುಜದ ಸ್ನಾಯುಗಳು ಮೊದಲು ಸೋಲುತ್ತವೆ. ಕುಣಿಮಗ್ಗದಲ್ಲಿ ಕೂತವರನ್ನು ಇನ್ನೊಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕು. ಲಾಳಿಯ ಹಗ್ಗಕ್ಕೆ ಎತ್ತಿದ ಕೈ ಅರ್ಧಕ್ಕೇ ಇಳಿದುಬಿಡುತ್ತದೆ. ಬೆರಳುಗಳು ಮಾತ್ರ ಚುರುಕಾಗಿಯೇ ಇರುತ್ತವೆ, ಕಡಿದ ಎಳೆಯನ್ನು ಹುರಿಮಾಡಿ ಕೂಡಿಸುತ್ತವೆ. ತೋಳು ಮಾತು ಕೇಳುವುದಿಲ್ಲ.

ಹಾಳೆಯಲ್ಲಿದ್ದ ಆ ಐವಿಐಜಿ ಎಂಬ ಔಷಧ ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ ಎಂದು ಹಳೆಯ ಪ್ರಬಂಧಗಳ ಬೆನ್ನು ಹತ್ತಿದೆ. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾ ಒಟ್ಟುಗೂಡಿಸಿ, ಅದರೊಳಗಿನ ಪ್ರತಿಕಾಯಗಳನ್ನಷ್ಟೇ ಬೇರ್ಪಡಿಸಿ ಮಾಡುವ ದ್ರಾವಣ ಅದು. ಮೊದಲಿಗೆ ಹುಟ್ಟಿನಿಂದಲೇ ಪ್ರತಿಕಾಯಗಳ ಕೊರತೆ ಇರುವ ಮಕ್ಕಳಿಗೆ ಅದನ್ನು ಕೊಡುತ್ತಿದ್ದರು. 1981ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಇಂಬಾಖ್ ಮತ್ತು ಸಂಗಡಿಗರು ಪ್ಲೇಟ್‌ಲೆಟ್ ಕುಸಿದ ಮಕ್ಕಳಿಗೆ ಇದನ್ನು ಕೊಟ್ಟು, ಸಂಖ್ಯೆ ಮೇಲೇರಿದ್ದನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಆ ಮಕ್ಕಳ ಪ್ಲೇಟ್‌ಲೆಟ್ ನಾಶಕ್ಕೆ ಕಾರಣವೇ ಪ್ರತಿಕಾಯ. ಪ್ರತಿಕಾಯದಿಂದಾದ ಕೇಡಿಗೆ ಪ್ರತಿಕಾಯವೇ ಮದ್ದಾದದ್ದು ಹೇಗೆ?

ಈ ಪ್ರಶ್ನೆಗೆ ಎಲ್ಲರೂ ಎತ್ತಿ ತೋರಿಸುವ ಲೇಖನ 2001ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿದೆ. ಬರೆದವರು ಪ್ಯಾರಿಸ್ಸಿನ ಇಬ್ಬರು: ಮಿಶೆಲ್ ಕಜಾಚ್ಕಿನ್ ಮತ್ತು ಶ್ರೀನಿ ಕಾವೇರಿ. ಕಜಾಚ್ಕಿನ್ ಹೆಸರಿನ ಮುಂದೆ ವೈದ್ಯರ ಪದವಿ ಇದೆ. ಕಾವೇರಿಯವರ ಹೆಸರಿನ ಮುಂದೆ ಇರುವುದು ಡಿ.ವಿ.ಎಂ. ಪಶುವೈದ್ಯರ ಪದವಿ! ಮನುಷ್ಯರ ಡಾಕ್ಟರುಗಳು ಓದುವ ಪತ್ರಿಕೆಯಲ್ಲಿ ದನದ ಡಾಕ್ಟರಿಗೆ ಏನು ಕೆಲಸ? ನನ್ನ ಹುಡುಕಾಟ ಅಲ್ಲಿಂದ ದಾರಿ ಬದಲಿಸಿತು. ಔಷಧವನ್ನು ಬಿಟ್ಟು, ಅದರ ಹಿಂದೆ ಬಿದ್ದವರ ಹೆಸರು, ವಿಳಾಸ, ಇಸವಿಗಳನ್ನು ಓದತೊಡಗಿದೆ.

ಅದೇ ತಂಡದಿಂದ 2003ರಲ್ಲಿ ‘ಬ್ಲಡ್’ ಪತ್ರಿಕೆಗೆ ಹೋದ ಪ್ರಬಂಧದ ಮೊದಲ ಹೆಸರು ಜಗದೀಶ್ ಬಾಯರಿ. ನಮ್ಮ ಕರಾವಳಿಯ ಕಡೆ ಕೇಳಿಬರುವ ಉಪನಾಮ. ಆ ಹೆಸರು ಹಿಡಿದು ಪ್ರಬಂಧಗಳ ಸೂಚಿಯಲ್ಲಿ ಹಿಂದಕ್ಕೆ ಹೋದರೆ 1999ಕ್ಕೆ ಬಂದು ನಿಲ್ಲುತ್ತೇವೆ. ವೈರಾಣು ಪರೀಕ್ಷಾ ವಿಧಾನಗಳ ಪತ್ರಿಕೆಯೊಂದರಲ್ಲಿ ಅದೇ ಹೆಸರು. ವಿಳಾಸ ಬೆಂಗಳೂರಿನ ಹೆಬ್ಬಾಳದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ. ವಿಷಯ ಕಾಲುಬಾಯಿ ಜ್ವರ. ಇಬ್ಬರೂ ಒಬ್ಬರೇ. ಪ್ಯಾರಿಸ್ಸಿನ ಬಾಯರಿಯವರೂ ಪಶುವೈದ್ಯರೇ.

ಆ 1999ರ ಪ್ರಬಂಧವನ್ನು ಚಳ್ಳಕೆರೆಯ ಯಾವ ಕುರಿಗಾಹಿಯ ಮುಂದೆಯೂ ಬಿಡಿಸಿ ಹೇಳಬಹುದು. ಗೊರಸಿನ ಸಂದು ಹುಣ್ಣಾಗಿ, ಬಾಯಿಂದ ಜೊಲ್ಲು ಸುರಿದು, ಮೇವು ಬಿಟ್ಟು ನಿಂತ ಹಸು ಗೊತ್ತಿಲ್ಲದ ಹಟ್ಟಿ ನಮ್ಮಲ್ಲಿಲ್ಲ. ಆ ವೈರಾಣುವಿನಲ್ಲಿ ಹಲವು ಬಗೆ. ಒಂದು ಬಗೆಗೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಹಾಗಾಗಿ ಯಾವ ಬಗೆಗೆ ಯಾವ ಪ್ರತಿಕಾಯ ಎಂದು ತಿಳಿಯಲೇಬೇಕು. ಹೆಬ್ಬಾಳದವರು ಪ್ರಯೋಗಾಲಯದಲ್ಲಿ ತಯಾರಿಸಿದ ವೈರಾಣು ಪ್ರೋಟೀನನ್ನು ಪಾಲಿಸ್ಟೈರೀನ್ ತಟ್ಟೆಯ ಕುಳಿಗಳ ಗೋಡೆಗೆ ಅಂಟಿಸಿದರು. ಮೇಲೆ ಸೀರಮ್ ಹೊಯ್ದರು. ಆ ಪ್ರೋಟೀನಿಗೆ ಸರಿಹೊಂದುವ ಪ್ರತಿಕಾಯ ಮಾತ್ರ ಕಚ್ಚಿ ಕೂರುತ್ತದೆ, ಮಿಕ್ಕದ್ದೆಲ್ಲ ತೊಳೆದುಹೋಗುತ್ತದೆ. ಆಮೇಲೆ ಕಚ್ಚಿದ್ದನ್ನು ಬಿಡಿಸಿ ಎತ್ತಿಕೊಳ್ಳುವುದು. ಸಾವಿರ ಬಗೆಯ ಪ್ರತಿಕಾಯಗಳ ನಡುವೆ ಬೇಕಾದ ಒಂದನ್ನು ಹೆಕ್ಕುವ ಕೈ ಅಲ್ಲಿ ಪಳಗಿತ್ತು.

ಸಾವಿರಾರು ಜನರ ಪ್ರತಿಕಾಯ ಒಂದೇ ಸೀಸೆಯಲ್ಲಿರುವ ಐವಿಐಜಿಯ ಗುಟ್ಟು ಒಡೆಯಲು ಇಂಥ ಕೈ ಬೇಕಾದದ್ದು ನನಗೆ ಆಕಸ್ಮಿಕ ಅನಿಸುವುದಿಲ್ಲ. ರೋಗನಿರೋಧಕ ವಿಜ್ಞಾನದ ದೊಡ್ಡ ಹೆಜ್ಜೆಗಳಲ್ಲಿ ಕೊಟ್ಟಿಗೆಯ ಪಾಲು ಎಷ್ಟೆಂದು ನಮ್ಮ ಪಠ್ಯಪುಸ್ತಕಗಳು ಹೇಳುವುದೇ ಇಲ್ಲ. ಪ್ರಾಣಿಗಳಲ್ಲಿ ಮೊಟ್ಟಮೊದಲು ಪತ್ತೆಯಾದ ವೈರಾಣು ಈ ಕಾಲುಬಾಯಿ ಜ್ವರದ್ದೇ, 1897ರಲ್ಲಿ. 1996ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಪೀಟರ್ ಡೊಹರ್ಟಿ ಪಶುವೈದ್ಯರು. ರುಮಟಾಯ್ಡ್ ಸಂಧಿವಾತದ ಮೊದಲ ರಕ್ತಪರೀಕ್ಷೆ ನಿಂತದ್ದು ಕುರಿಯ ರಕ್ತದ ಮೇಲೆ! ನಾರ್ವೆಯ ಎರಿಕ್ ವಾಲರ್ 1940ರಲ್ಲಿ, ನ್ಯೂಯಾರ್ಕಿನ ಹ್ಯಾರಿ ರೋಸ್ 1948ರಲ್ಲಿ ಇದನ್ನು ಬೇರೆಬೇರೆಯಾಗಿ ಕಂಡರು. ಪ್ರತಿಕಾಯ ಲೇಪಿಸಿದ ಕುರಿಯ ಕೆಂಪು ರಕ್ತಕಣಗಳಿಗೆ ರೋಗಿಯ ಸೀರಮ್ ಬೆರೆಸಿದರೆ ಕಣಗಳು ಗಂಟುಗಂಟಾಗಿ ತಳ ಹಿಡಿಯುತ್ತವೆ. ಇವತ್ತಿಗೂ ಲ್ಯಾಬಿನ ಚೀಟಿಯಲ್ಲಿ ಬರುವ ‘ಆರ್‌ಎ ಫ್ಯಾಕ್ಟರ್’ ಅಲ್ಲಿಂದಲೇ ಬಂದದ್ದು.

ಅಂಥ ಪರೀಕ್ಷೆ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳಿಗೆ ಬೇರೆಡೆಗಿಂತ ಹೆಚ್ಚು ಮುಖ್ಯ. ಇಲ್ಲಿ ಕೀಲು ಹಿಡಿದವರಿಗೆಲ್ಲ ಮೊದಲು ಕೇಳುವ ಪ್ರಶ್ನೆ ‘ಯಾವ ಬೋರಿನ ನೀರು ಕುಡೀತೀರ?’ ಎಂಬುದು. ತಪ್ಪಿಲ್ಲ. ಇಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ಅನೇಕ ಕಡೆ ಮೀರಿದೆ. ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬಿನ ಸುತ್ತಲ ಅಸ್ಥಿರಜ್ಜುಗಳು ಸುಣ್ಣಗಟ್ಟಿ ಬೆನ್ನು ಬಾಗದಾಗುತ್ತದೆ. ಅದು ನೀರಿನಿಂದ ಬಂದ ಕಾಯಿಲೆ, ಪ್ರತಿಕಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ಬೆರಳಿನ ಸಣ್ಣ ಕೀಲುಗಳು ಬಿಗಿದು ಊದಿಕೊಳ್ಳುವ ಹೆಂಗಸನ್ನೂ ‘ನೀರಿನ ದೋಷ’ ಎಂದು ವಾಪಸು ಕಳಿಸಿದರೆ, ಮದ್ದಿನಿಂದ ಉಳಿಯಬಹುದಾಗಿದ್ದ ಕೀಲು ಸವೆದುಹೋಗುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡುವ ಕಣ್ಣು ತಾಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಚಿತ್ರದುರ್ಗಕ್ಕೋ ಬೆಂಗಳೂರಿಗೋ ಬಸ್ ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಮತ್ತೆ ಪ್ಯಾರಿಸ್ಸಿಗೆ. 2003ರ ಪ್ರಬಂಧ ಕೈಗೆತ್ತಿಕೊಂಡದ್ದು ಡೆಂಡ್ರಿಟಿಕ್ ಕೋಶಗಳನ್ನು. ವೈರಿಯ ತುಣುಕನ್ನು ಹಿಡಿದು ತಂದು ಟಿ ಕೋಶಗಳಿಗೆ ತೋರಿಸಿ, ಹೊಡಿ ಎಂದೋ ಬಿಡು ಎಂದೋ ಹೇಳುವ ಕಾವಲುಗಾರರು ಇವು. ಅವುಗಳಿಗೆ ಐವಿಐಜಿ ಸೋಕಿಸಿದಾಗ ಅವು ಪೂರ್ತಿ ಬಲಿಯಲಿಲ್ಲ. ಉರಿ ಹೆಚ್ಚಿಸುವ ಇಂಟರ್‌ಲ್ಯೂಕಿನ್-12 ತಗ್ಗಿತು, ತಣಿಸುವ ಇಂಟರ್‌ಲ್ಯೂಕಿನ್-10 ಏರಿತು, ಟಿ ಕೋಶಗಳ ಆರ್ಭಟ ಇಳಿಯಿತು. ಅದೇ ವರ್ಷ ಸಂಧಿವಾತದ ಪತ್ರಿಕೆಯೊಂದರಲ್ಲಿ ಬಾಯರಿ ಮತ್ತು ಸಂಗಡಿಗರು, ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಇನ್ನೊಂದು ಕಾಯಿಲೆಯಾದ ಲೂಪಸ್‌ನ ರೋಗಿಗಳ ಸೀರಮ್ ಹಿಡಿದು ಇನ್ನೊಂದು ಪ್ರಯೋಗ ವಿವರಿಸಿದರು. ಆ ಸೀರಮ್ಮಿನಲ್ಲಿರುವ ಇಂಟರ್‌ಫೆರಾನ್-ಆಲ್ಫಾ ಡೆಂಡ್ರಿಟಿಕ್ ಕೋಶಗಳನ್ನು ಬೆಳೆಸುತ್ತದೆ. ಐವಿಐಜಿ ಅದಕ್ಕೆ ತಡೆ ಹಾಕುತ್ತದೆ. ಕಾಲುಬಾಯಿ ಜ್ವರದಿಂದ ಹೊರಟ ದಾರಿ ನಾಲ್ಕೇ ವರ್ಷದಲ್ಲಿ ಲೂಪಸ್ ಮುಟ್ಟಿತ್ತು.

ನಂತರದ ವರ್ಷಗಳ ಪ್ರಬಂಧಗಳನ್ನು ಸಾಲಾಗಿಟ್ಟರೆ ಒಂದೊಂದೂ ಒಂದೊಂದು ಕೋಶದ ಕಥೆ. ಐವಿಐಜಿಯಿಂದ 2008ರಲ್ಲಿ ಇಲಿಗಳಲ್ಲಿ ಉರಿ ತಣಿಸುವ ನಿಯಂತ್ರಕ ಟಿ ಕೋಶಗಳು ಹೆಚ್ಚಿದ್ದು, 2011ರಲ್ಲಿ ಮೋಹನ್ ಮದ್ದೂರು ಮೊದಲ ಲೇಖಕರಾಗಿ ಉರಿಯೂತದ ಟಿಎಚ್-17 ಕೋಶಗಳು ತಗ್ಗಿದ್ದು. ಈ ನಿಯಂತ್ರಕ ಕೋಶಗಳನ್ನು ಗುರುತಿಸಿದ ಶಿಮೊನ್ ಸಕಾಗುಚಿಯವರಿಗೆ ಇನ್ನಿಬ್ಬರೊಡನೆ 2025ರಲ್ಲಿ ನೊಬೆಲ್ ಬಂತು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 2013ರ ‘ಬ್ಲಡ್’ ಪ್ರಬಂಧ. ಅದರಲ್ಲಿ ಪ್ಯಾರಿಸ್ಸಿನ ಪಕ್ಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಳಾಸ ಇದೆ, ಪ್ರೊ. ಕೆ. ಎನ್. ಬಾಲಾಜಿಯವರ ಪ್ರಯೋಗಾಲಯ. ಐವಿಐಜಿ ತಾಗಿದ ಡೆಂಡ್ರಿಟಿಕ್ ಕೋಶಗಳು ಕಾಕ್ಸ್-2 ಎಂಬ ಕಿಣ್ವದ ಮೂಲಕ ಪ್ರೋಸ್ಟಗ್ಲಾಂಡಿನ್ ಇ2 ಸುರಿಸುತ್ತವೆ, ಅದು ನಿಯಂತ್ರಕ ಕೋಶಗಳನ್ನು ಹೆಚ್ಚಿಸುತ್ತದೆ ಎಂದು ಅಲ್ಲಿ ತೋರಿಸಿದ್ದಾರೆ. ಕಾಕ್ಸ್-2 ಎಂದರೆ ಮೆಡಿಕಲ್ ಶಾಪಿನಲ್ಲಿ ನಾವು ಕೇಳಿ ಕೊಳ್ಳುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಅಡ್ಡಗಟ್ಟುವ ಕಿಣ್ವ. ನೋವು ತರುವ ಹಾದಿಯೇ ಇನ್ನೊಂದು ಕಡೆ ಉರಿ ಆರಿಸುವ ಹಾದಿಯೂ ಆಗಿದೆ. ಇಲಿಗಳಲ್ಲಿ ಆ ಕಿಣ್ವವನ್ನು ತಡೆದಾಗ ನಿಯಂತ್ರಕ ಕೋಶಗಳ ಏರಿಕೆ ಕುಗ್ಗಿತು. ರೋಗಿಗಳಲ್ಲೂ ಹೀಗೇ ಎಂದು ಇದರಿಂದ ಹೇಳಲಾಗದು, ಆದರೆ ಮಾತ್ರೆಯ ಚೀಟಿ ಬರೆಯುವವರು ಓದಬೇಕಾದ ಪ್ರಬಂಧ.

ಅದೇ ಸಂಸ್ಥೆಯ ಎರಡನೆಯ ಕ್ಯಾಂಪಸ್ ಇರುವುದು ನಮ್ಮ ಚಳ್ಳಕೆರೆಯ ಕುದಾಪುರದಲ್ಲಿ, ಸುಮಾರು 1,500 ಎಕರೆಯಲ್ಲಿ. ಅಮೃತಮಹಲ್ ಕಾವಲಿನ ಹುಲ್ಲುಗಾವಲು ಅದು. ಮೇವಿನ ನೆಲ ಕಳೆದುಕೊಂಡ ಕುರಿಗಾಹಿಗಳ ಸಂಕಟ ಇನ್ನೂ ಆರಿಲ್ಲ, ಅದನ್ನು ಮರೆತು ಈ ಕ್ಯಾಂಪಸ್ಸಿನ ಬಗ್ಗೆ ಬರೆಯುವುದು ನನ್ನಿಂದಾಗದು. ಈಗ ಅಲ್ಲಿ ಸರ್ಕಾರಿ ಶಾಲೆ, ಕಾಲೇಜುಗಳ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ. ಹೆಬ್ಬಾಳದ ಆ ಕುಳಿತಟ್ಟೆಯ ಪ್ರಯೋಗವನ್ನು ಆ ಮೇಷ್ಟ್ರುಗಳ ಕೈಲಿ ಮಾಡಿಸಬೇಕು ಎಂಬುದು ನನ್ನ ಗಟ್ಟಿ ಆಸೆ. ಮನೆಯಲ್ಲಿ ಕುರಿ ಇರುವ ಮಕ್ಕಳಿಗೆ ಅದು ತಟ್ಟನೆ ಹತ್ತುತ್ತದೆ.

ನೇಕಾರರ ಕಾಯಿಲೆಗೆ ಬಂದರೆ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 95 ಡರ್ಮಟೊಮಯೊಸೈಟಿಸ್ ರೋಗಿಗಳಿದ್ದರು. 16 ವಾರಗಳಲ್ಲಿ ಐವಿಐಜಿ ಪಡೆದವರಲ್ಲಿ ಶೇ 79, ಹುಸಿ ಔಷಧ ಪಡೆದವರಲ್ಲಿ ಶೇ 44 ಮಂದಿಯಲ್ಲಿ ಕನಿಷ್ಠ ಮಟ್ಟದ ಸುಧಾರಣೆಯಾದರೂ ಕಂಡಿತು. ಡೋಸು ಮೈತೂಕದ ಪ್ರತಿ ಕಿಲೋಗೆ 2 ಗ್ರಾಂ, ನಾಲ್ಕು ವಾರಕ್ಕೊಮ್ಮೆ. 60 ಕಿಲೋ ತೂಗುವವರಿಗೆ 120 ಗ್ರಾಂ. ಬೆಲೆ ಲಕ್ಷ ದಾಟುತ್ತದೆ. ಯಾರಿಗೆ ಫಲಿಸುತ್ತದೆ, ಯಾರಿಗಿಲ್ಲ ಎಂದು ಮೊದಲೇ ಹೇಳುವ ಪರೀಕ್ಷೆ ಬಂದರೆ ಮಗ್ಗ ಮಾರಿ ಔಷಧ ಕೊಳ್ಳುವ ಮನೆಗಳು ಉಳಿಯುತ್ತವೆ. ಬಾಯರಿಯವರ ಇತ್ತೀಚಿನ ಪ್ರಬಂಧಗಳ ವಿಳಾಸದಲ್ಲಿ ಕೇರಳದ ಪಾಲಕ್ಕಾಡ್ ಐಐಟಿ ಇದೆ. ಸಾವಿರಾರು ಜನರ ಪ್ರತಿಕಾಯಗಳಲ್ಲಿ ಗುಣ ಮಾಡುವುದು ಯಾವುದು ಎಂಬ ಪ್ರಶ್ನೆ ಮಾತ್ರ ಇನ್ನೂ ಬಿಡಿಸಬೇಕಾಗಿಯೇ ಇದೆ.