ಮೈಂದು ಬೀಳುವಗ ಅರಳ್ತ ಹೂಗುಗೊ

ಧನುರ್ಮಾಸಲ್ಲಿ ಹೂಗಿಂಗೆ ಬರ ಹೇಳಿ ಸುಮಾರು ಜೆನ ಹೇಳ್ತವು. ಸೂರ್ಯ ಹುಟ್ಟುವ ಮೊದಲೇ ಪೂಜೆ ಆಯೆಕ್ಕು, ಜಾಲಿಂಗೆ ಇಳುದರೆ ಕಾಲಿಂಗೆ ಮೈಂದು, ಮೋರೆಗೆ ಛಳಿ. ಮಲ್ಲಿಗೆ ಸೆಸಿಲಿ ಒಂದು ಮೊಗ್ಗಿಲ್ಲೆ, ದಾಸನ ಎರಡೋ ಮೂರೋ. ಆದರೆ ಚಾರ್ಮಾಡಿಯ ಹಳೇ ಜಾಲುಗಳಲ್ಲಿ ಹರಿವಾಣ ಖಾಲಿ ಆದ್ದದು ಎನಗೆ ನೆಂಪಿಲ್ಲೆ. ಗೋರಟೆ ಇಕ್ಕು, ಸೇವಂತಿಗೆ ಇಕ್ಕು, ಗೊಂಡೆ ಇಕ್ಕು, ಕೇಪಳ ಇಕ್ಕು, ಸಂಕ್ರಾಂತಿ ಹತ್ತರೆ ಅಪ್ಪಗ ಮಾಘಮಲ್ಲಿಗೆಯೂ ಬಕ್ಕು. ಇದೆಲ್ಲ ಎಲ್ಲಿಂದ ಬಂತು, ಆರು ತಂದದು, ಛಳಿಗೇ ಏಕೆ ಅರಳುತ್ತು ಹೇಳಿ ಈ ಸರ್ತಿ ಬರೆತ್ತೆ.

ಹಿಮ ಹೇಳಿರೆ ನಾವು ಸಿನೆಮಲ್ಲಿ ಕಂಡದು ಮಾಂತ್ರ. ನಮ್ಮಲ್ಲಿ ಬೀಳುದು ಮೈಂದು. ಘಾಟಿಯ ಹೊಡೆಂದ ಇರುಳಿಡೀ ಇಳುದು ಬಂದು ಅಡಕ್ಕೆ ತೋಟದ ಮೇಗೆ ಕೂದುಗೊಳ್ತು. ಕೊಟ್ಟಿಗೆಹಾರಕ್ಕೆ ಹೋಪ ಬಸ್ಸುಗೊ ಉದಿಯಪ್ಪಗ ಎಂಟು ಗಂಟೆಗೂ ಲೈಟು ಹಾಕಿಗೊಂಡೇ ತಿರ್ಗಾಸು ಹತ್ತುದು. ಈ ಮೈಂದು ಎಲ್ಲ ಹೂಗಿಂಗೂ ಒಳ್ಳೆದಲ್ಲ. ಡಿಸೆಂಬರಿಲೇ ಹೂಗು ಬಿಟ್ಟ ಮಾವಿನ ಮರಕ್ಕೆ ಮೋಡವೂ ಮೈಂದೂ ಒಟ್ಟಿಂಗೆ ಬಂದರೆ ಬೂದಿ ರೋಗ ಹಿಡಿತ್ತು, ಹೂಗು ಕರಂಚಿ ಉದುರುತ್ತು, ಮತ್ತೆ ಉಪ್ಪಿನಕಾಯಿಗೆ ಮೆಡಿ ಹುಡುಕ್ಕಿಗೊಂಡು ಊರಿಡೀ ತಿರುಗೆಕ್ಕಾವುತ್ತು. ಹಾಂಗಾಗಿ ಅತ್ತೆಕ್ಕೊ ಎಲ್ಲ ಬೇಗ ಬಿಟ್ಟ ಮಾವಿನ ಹೂಗಿನ ನೋಡಿ ಕೊಶಿ ಪಡ್ತವಿಲ್ಲೆ.

ಮೊದಾಲು ನಮ್ಮದೇ ಮಣ್ಣಿನ ಹೂಗುಗೊ. ಮಾಘಮಲ್ಲಿಗೆಯ ಹೆಸರಿಲೇ ತಿಂಗಳಿದ್ದು. ಸಂಸ್ಕೃತಲ್ಲಿ ಇದಕ್ಕೆ ಕುಂದ ಹೇಳುದು. ಮಕ್ಕೊಗೆ ಸರಸ್ವತಿಯ ಪ್ರಾರ್ಥನೆ ಹೇಳಿಕೊಡುವಗ ಸುರುವಿಂಗೇ ಕುಂದ ಬತ್ತನ್ನೆ, ಅದು ಇದುವೇ. ಅಷ್ಟು ಬೆಳಿ ಬೇರೆಂತದೂ ಕಾಂಬಲೆ ಸಿಕ್ಕಿದ್ದಿಲ್ಲೆ ಆಗಿಕ್ಕು ಅವಕ್ಕೆ. ಕಾಳಿದಾಸನ ಮೇಘದೂತಲ್ಲಿ ಅಲಕಾಪುರಿಯ ಹೆಮ್ಮಕ್ಕೊ ಆರು ಋತುವಿನ ಹೂಗನ್ನೂ ಒಂದೇ ದಿನ ಸೂಡಿಗೊಂಬ ವರ್ಣನೆ ಇದ್ದು. ಅದರಲ್ಲಿ ಛಳಿಗಾಲದ ಪಾಲಿಂಗೆ ಬಪ್ಪದು ತಲಗೆ ಕುಂದ, ಮೋರೆಗೆ ಲೋಧ್ರದ ಹೂಗಿನ ಹೊಡಿ. ಪೌಡರು ಡಬ್ಬಿ ಬಪ್ಪ ಎಷ್ಟೋ ಮೊದಲೇ ಪೌಡರು ಇತ್ತು ಹೇಳಿ ಆತು. ಅಲ್ಲೇ ಜೆಡೆಗೆ ಸೂಡುವ ಕುರವಕ ಹೇಳ್ತ ಹೂಗುದೇ ಬತ್ತು, ಅದು ಗೋರಟೆಯ ಜಾತಿ ಹೇಳಿ ಹಲವು ವಿದ್ವಾಂಸರು ಹೇಳ್ತವು.

ಗೋರಟೆಯ ಈಗಾಣ ಕೂಸುಗೊಕ್ಕೆ ಗುರ್ತವೇ ಇಲ್ಲೆ, ಎನಗೆ ಬೇಜಾರಪ್ಪದು ಅದಕ್ಕೇ. ಪರಿಮ್ಮಳ ಇಲ್ಲೆ, ಅಪ್ಪು. ಆದರೆ ನವೆಂಬರಿಂದ ಫೆಬ್ರವರಿವರೆಗೆ ಎಂತ ಆರೈಕೆಯೂ ಇಲ್ಲದ್ದೆ ಬೇಲಿ ಕರೆಲಿ ಅರಳುವ ಹೂಗು ಬೇರೆ ಯೇವದು ಇದ್ದು? ಅರುಶಿನ ಬಣ್ಣದ್ದಕ್ಕೆ ಮುಳ್ಳಿದ್ದು, ನೀಲಿಗೂ ಬೆಳಿಗೂ ಮುಳ್ಳಿಲ್ಲೆ. ತಮಿಳು ಹೆಮ್ಮಕ್ಕೊ ಈ ನೀಲಿ ಗೋರಟೆಗೆ 'ಡಿಸೆಂಬರ್ ಪೂ' ಹೇಳಿಯೇ ಹೆಸರು ಮಡಗಿದ್ದವು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗೆಡುಗೊಕ್ಕೆಲ್ಲ ಲ್ಯಾಟಿನ್ ಹೆಸರು ಕೊಡುವಗ, ಈ ಕುಲಕ್ಕೆ ಬಾರ್ಲೇರಿಯ ಹೇಳಿ ಬರದವು. ಅದು ಬಾರೆಲಿಯೆ ಹೇಳ್ತ ಫ್ರಾನ್ಸಿನ ಒಬ್ಬ ಸನ್ಯಾಸಿಯ ಹೆಸರು. ನಮ್ಮ ಬೇಲಿ ಕರೆಯ ಗೆಡುವಿಂಗೆ ಫ್ರಾನ್ಸಿನ ಸನ್ಯಾಸಿಯ ಹೆಸರು! ಕೇಪಳದ ಭಾಗ್ಯ ರಜ್ಜ ಒಳ್ಳೆದಿತ್ತು. ಅದರ ಲ್ಯಾಟಿನ್ ಹೆಸರು ಇಕ್ಸೋರ, ನಮ್ಮ 'ಈಶ್ವರ' ಶಬ್ದವೇ ಪೋರ್ಚುಗೀಸರ ಬಾಯಿಲಿ ಹಾಂಗೆ ಆದ್ದದು.

ಇನ್ನು ಹೆರಂದ ಬಂದದು. ಗೊಂಡೆ ಇಲ್ಲದ್ದ ದೀಪಾವಳಿ ನವಗೆ ಈಗ ಗ್ರೇಶುಲೇ ಎಡಿಯ. ಆದರೆ ಕಾಳಿದಾಸ ಗೊಂಡೆಯ ಕಂಡವನೇ ಅಲ್ಲ. ಅದರ ತವರು ಮೆಕ್ಸಿಕೊ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡುದ ಮತ್ತೆ ಅವರ ಹಡಗುಗಳಲ್ಲಿ ಅಮೇರಿಕಾದ ಹೊಡೆಂದ ಎಂತೆಲ್ಲ ಬಂತು ಹೇಳಿ ಲೆಕ್ಕ ಹಾಕಿರೆ ನಮ್ಮ ಅಡಿಗೆ ಕೋಣೆಲಿ ಅರ್ಧ ಖಾಲಿ ಅಕ್ಕು: ಒಣಮೆಣಸು, ಗೇರುಬೀಜ, ಬಪ್ಪಂಗಾಯಿ, ಪೇರಳೆ, ಅನಾನಸು. ಗೊಂಡೆಯೂ ಆ ದಾರಿಲೇ ಬಂದದು. ಮೆಕ್ಸಿಕೊಲ್ಲಿಯೂ ಅವು ನವೆಂಬರ ಸುರುವಿಂಗೆ ತೀರಿಹೋದ ಹಿರಿಯರ ನೆಂಪಿಂಗೆ ಇದೇ ಹೂಗಿನ ರಾಶಿ ಹಾಕುತ್ತವು. ನಾವು ತೋರಣ ಕಟ್ಟುತ್ತು. ಹೂಗು ಒಂದೇ, ತಿಂಗಳೂ ಹೆಚ್ಚುಕಮ್ಮಿ ಒಂದೇ.

ಸೇವಂತಿಗೆ ಚೀನಾದ್ದು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲಂದ ಅಲ್ಲಿ ಬೆಳೆಶುತ್ತವು. ಜಪಾನಿನ ಅರಸು ಮನೆತನದ ಮುದ್ರೆಲಿಪ್ಪದೂ 16 ಎಸಳಿನ ಸೇವಂತಿಗೆಯೇ.

ಎನಗೆ ಹೆಚ್ಚು ಕೊಶಿ ಕೊಡುದು ಕಾಗದ ಹೂಗಿನ ಕತೆ. ಬೋಗನ್‌ವಿಲ್ಲಾ ಹೇಳ್ತವನ್ನೆ, ಅದುವೇ. ಮಳೆ ಬಿಟ್ಟು ಮಣ್ಣು ಒಣಗಿದ ಮೇಗೆ, ನೀರು ಕಮ್ಮಿ ಆದಷ್ಟೂ ಹೆಚ್ಚು ಬಣ್ಣ ಬಪ್ಪ ಗೆಡು ಅದು. ಬ್ರೆಜಿಲಿನ ರಿಯೋ ಊರಿಲಿ 1767ರಲ್ಲಿ ಫ್ರಾನ್ಸಿನ ಹಡಗಿನವು ಅದರ ಕಂಡದು. ಹಡಗಿನ ಯಜಮಾನ ಬೋಗನ್‌ವಿಲ್, ಗೆಡು ಶಾಸ್ತ್ರದವು ಕೊಮೆರ್ಸನ್. ಕೊಮೆರ್ಸನ್ನಿನ ಒಟ್ಟಿಂಗೆ ಒಂದು ಸಹಾಯದ ಮಾಣಿ ಇತ್ತಿದ್ದ. ಗುಡ್ಡೆ ಹತ್ತುದು, ಹೊರೆ ಹೊರುದು, ಗೆಡು ಒಣಗುಸಿ ಕಟ್ಟುದು ಎಲ್ಲ ಅವನ ಕೆಲಸ. ನಿಜವಾಗಿ ನೋಡಿರೆ ಅದು ಮಾಣಿ ಅಲ್ಲ, ಜೀನ್ ಬಾರೆ ಹೇಳ್ತ ಹೆಂಗಸು! ಫ್ರಾನ್ಸಿನ ಸೈನ್ಯದ ಹಡಗಿಲಿ ಹೆಮ್ಮಕ್ಕೊ ಹತ್ತುಲಾಗ ಹೇಳಿ ಕಾನೂನು ಇದ್ದ ಕಾರಣ ಗೆಂಡುಮಕ್ಕಳ ವೇಷ ಹಾಕಿಗೊಂಡು ಹೋದ್ದದು. ಕೊಮೆರ್ಸನ್ನಿಂಗೆ ಕಾಲು ಬೇನೆ ಇದ್ದ ಕಾರಣ ಆ ಗೆಡುವಿನ ಕೊಯಿದು ತಂದದು ಜೀನ್ ಆಗಿಕ್ಕು ಹೇಳಿ ಕೆಲವು ಇತಿಹಾಸದವು ಹೇಳ್ತವು. 1768ರಲ್ಲಿ ತಾಹಿತಿ ದ್ವೀಪಲ್ಲಿ ಗುಟ್ಟು ಹೆರ ಬಿದ್ದತ್ತು. ಅಕೇರಿಗೆ ಊರಿಂಗೆ ಎತ್ತಿ, ಲೋಕ ಸುತ್ತಿ ಬಂದ ಸುರುವಾಣ ಹೆಂಗಸು ಹೇಳಿ ಆತು. 1785ರಲ್ಲಿ ವರ್ಷಕ್ಕೆ 200 ಲಿವ್ರ್ ಪಿಂಚಣಿಯೂ ಸಿಕ್ಕಿತ್ತು. ಆದರೆ ಹೂಗಿಂಗೆ ಹೆಸರು ಯಜಮಾನಂದೇ. ಜೀನಿನ ಹೆಸರಿಲಿ ಒಂದು ಗೆಡು ಆಯೆಕ್ಕಾದರೆ 2012ನೇ ಇಸವಿ ಆತು, ಅದುದೇ ಬದನೆಯ ಕುಟುಂಬದ ಒಂದು ಕಾಡುಬಳ್ಳಿ. ಗೇಟಿನ ಹತ್ತರೆ ಕಾಗದ ಹೂಗು ಕಾಂಬಗ ಎಲ್ಲ ಆನು ಬಾರೆಯನ್ನೇ ಗ್ರೇಶುದು.

ಈಗ, ಛಳಿಗೇ ಏಕೆ? ಛಳಿಂದಾಗಿ ಹೇಳಿ ನಾವು ಗ್ರೇಶುದು. ಸೇವಂತಿಗೆಯ ಮಟ್ಟಿಂಗೆ ಮುಖ್ಯ ಕಾರಣ ಬೇರೆ. 1920ರಲ್ಲಿ ಅಮೇರಿಕಾದ ಕೃಷಿ ಇಲಾಖೆಯ ಗಾರ್ನರ್, ಅಲಾರ್ಡ್ ಹೇಳ್ತ ಇಬ್ರು ಒಂದು ವಿಷಯ ಪ್ರಕಟ ಮಾಡಿದವು. ಅವರ ಹತ್ತರೆ ಒಂದು ಜಾತಿ ಹೊಗೆಸೊಪ್ಪು ಇತ್ತು, ಬೇಸಗೆಲಿ ಎಷ್ಟು ಎತ್ತರ ಬೆಳದರೂ ಹೂಗೇ ಬಿಡ. ಹೊತ್ತೋಪಗ ಬೆಶಿಲಿಪ್ಪಗಳೇ ಅದರ ಕತ್ತಲೆ ಕೋಣೆಗೆ ಸೇರ್ಸಿದವು, ಹೂಗು ಬಂತು! ಹಗಲು ಗಿಡ್ಡ ಆದ ಲೆಕ್ಕಲ್ಲಿ ಗೆಡು ಹೂಗು ಬಿಡ್ತು ಹೇಳಿ ಗೊಂತಾದ್ದು ಹಾಂಗೆ. ಮತ್ತೆ 1938ರ ಹೊತ್ತಿಂಗೆ, ಗೆಡು ಲೆಕ್ಕ ಮಡಗುದು ಹಗಲಿನ ಅಲ್ಲ, ಇರುಳಿನ ಹೇಳಿ ಬೇರೆಯವು ತೋರ್ಸಿ ಕೊಟ್ಟವು. ನಮ್ಮ ಊರಿಲಿ ದೊಡ್ಡ ಹಗಲಿಂಗೂ ಸಣ್ಣ ಹಗಲಿಂಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಷ್ಟು ಸಾಕು ಸೇವಂತಿಗೆಗೆ. ಹಾಂಗಾಗಿ ಜೆಗಿಲಿಯ ಟ್ಯೂಬುಲೈಟಿನ ಕೆಳ ಸೇವಂತಿಗೆಯ ಚಟ್ಟಿ ಮಡಗಿ, 'ಬರೇ ಎಲೆ ಬತ್ತು, ಹೂಗಿಲ್ಲೆ' ಹೇಳಿ ದೂರೆಡಿ. ಇರುಳು ಕತ್ತಲೆ ಇಪ್ಪ ಮೂಲೆಗೆ ಮಡಗಿ ನೋಡಿ.

ಉಡುಪಿ ಮಲ್ಲಿಗೆಯ ಲೆಕ್ಕ ಮಾಂತ್ರ ತಿರುಗಿ. ಅದಕ್ಕೆ ಬೆಶಿಲೇ ಬೇಕು. ಛಳಿ ಬಂದರೆ ಮೊಗ್ಗು ಕಮ್ಮಿ, ಜೆಂಬ್ರದ ಸಮಯವೂ ಅದೇ. ಶಂಕರಪುರಲ್ಲಿ ನಾಕು ಚೆಂಡು ಸೇರಿರೆ ಒಂದು ಅಟ್ಟೆ, ಆ ಅಟ್ಟೆಗೆ ಜನವರಿಲಿ ಹೇಳ್ತ ಕ್ರಯ ಕೇಳಿರೆ ಚಿನ್ನದ ಅಂಗಡಿಯ ನೆಂಪಾವುತ್ತು.

ತಂಪು ದೇಶದ ಹೂಗಿನ ಸಾಲುಸಾಲಾಗಿ ಕಾಣೆಕ್ಕಾದರೆ ಬೆಂಗ್ಳೂರಿನ ಲಾಲ್‌ಬಾಗಿಂಗೇ ಹೋಯೆಕ್ಕು. ಹೈದರಾಲಿ 1760ರಲ್ಲಿ ಸುರು ಮಾಡಿದ ತೋಟ, 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಅಲ್ಲಿಗೆ ಬಂದವು. ಜನವರಿ 26ರ ಹೊತ್ತಿನ ಪ್ರದರ್ಶನಕ್ಕೆ ಹೋದವು ತಪ್ಪ ಬೀಜದ ಪೊಟ್ಟಣಲ್ಲಿ ಫ್ಲಾಕ್ಸ್ ಹೇಳಿ ಒಂದಿರ್ತು, ಸಣ್ಣ ಸಣ್ಣ ಹೂಗು, ಹತ್ತು ಬಣ್ಣ. ಅದು ಟೆಕ್ಸಾಸಿಂದು. ಡ್ರಮಂಡ್ ಹೇಳ್ತವು 1835ರಲ್ಲಿ ಬೀಜ ಕಳುಸಿಕ್ಕಿ ಅದೇ ವರ್ಷ ಕ್ಯೂಬಾಲ್ಲಿ ತೀರಿ ಹೋದವು.

ಟೆಕ್ಸಾಸಿಂದ ನವಗೆ ಹೂಗು ಬಂದ ಹಾಂಗೆ ನಮ್ಮ ಗೆಡುಗೊ ಅಲ್ಲಿಗೆ ಹೋಯಿದು. ಎನ್ನ ತಂಗೆಯ ಮಗಳು ಡಲ್ಲಾಸಿನ ಹತ್ತರೆ ಇಪ್ಪದು. ಅದರ ಹಿತ್ತಿಲಿಲಿ ದಾಸನ, ಮಲ್ಲಿಗೆ, ತೊಳಶಿ, ಚಟ್ಟಿಲಿ ಬೇನ್ಸೊಪ್ಪು. 2021ರ ಫೆಬ್ರವರಿ ನೆಡುಕೆ ಅಲ್ಲಿ ಹಿಮ ಬಿದ್ದ ಕತೆ ನಿಂಗೊಗೆ ನೆಂಪಿಕ್ಕು, ಡಲ್ಲಾಸಿಲಿ ಸೊನ್ನೆಂದಲೂ ಸುಮಾರು 19 ಡಿಗ್ರಿ ಕೆಳ ಹೋತು. ಲಕ್ಷಗಟ್ಲೆ ಮನೆಗೊಕ್ಕೆ ಕರೆಂಟಿಲ್ಲೆ, ನೀರಿಲ್ಲೆ, ಇನ್ನೂರಕ್ಕೂ ಹೆಚ್ಚು ಜೆನ ತೀರಿ ಹೋದವು. ಎರಡು ಇರುಳು ಮಗಳ ಫೋನು ಸಿಕ್ಕದ್ದೆ ತಂಗೆ ದೇವರ ಒಳಂದ ಎದ್ದಿದೇ ಇಲ್ಲೆ. ಹಿಮ ಕರಗಿದ ಮೇಗೆ ನೋಡಿರೆ ದಾಸನ, ಮಲ್ಲಿಗೆ ಎಲ್ಲ ಬೇಶಿದ ಸೊಪ್ಪಿನ ಹಾಂಗೆ ಕಪ್ಪಾಗಿ ಮುದ್ದೆ. ಆದರೆ ಆಚಮನೆಯವರ ಜಾಲಿಲಿ ಡ್ಯಾಫೊಡಿಲ್ ಹೇಳ್ತ ಅರುಶಿನ ಹೂಗು ಹಿಮದ ಅಡಿಂದ ತಲೆ ನೆಗ್ಗಿಗೊಂಡು ನಿಂದಿತ್ತು. ಅದರ ಜೀವ ಮಣ್ಣಿನ ಒಳಾಣ ಗೆಂಡೆಲಿ. ಮೇಗಂದ ಬಿದ್ದ ಹಿಮ ಕಂಬಳಿ ಹೊದದ ಹಾಂಗೆ ಮಣ್ಣಿನ ರಜ್ಜ ಬೆಶಿ ಮಡುಗುತ್ತು. ಆ ನಮೂನೆ ಗೆಂಡೆಗೊಕ್ಕೆ ಒಂದು ಛಳಿಗಾಲ ಕಳಿಯದ್ದೆ ಸರಿಯಾಗಿ ಹೂಗು ಬಾರ. ಅಲ್ಲಿಂದ ತಂದ ಟ್ಯೂಲಿಪ್ ಗೆಂಡೆ ನಮ್ಮ ಜಾಲಿಲಿ ಒಂದು ಸರ್ತಿ ಹೂಗು ಬಿಟ್ಟು ಮತ್ತೆ ಮಣ್ಣಾಗಿ ಹೋಪದುದೇ ಹಾಂಗಾಗಿ. ಮಗಳ ಬೇನ್ಸೊಪ್ಪು ಸತ್ತತ್ತು ಹೇಳಿಯೇ ಗ್ರೇಶಿತ್ತಡ, ಮೇ ತಿಂಗಳಿಲಿ ಬೇರಿಂದ ಒಂದು ಚಿಗುರು ಬಂತು. ಪಟ ಕಳುಸಿತ್ತು, ತಂಗೆ ಅದರ ಇಡೀ ಊರಿಂಗೆ ತೋರ್ಸಿದ್ದು.

ನವಗೆ ಹಿಮ ಇಲ್ಲದ್ದರೂ ನೀರಿದ್ದು. 2019ರ ಆಗಸ್ಟ್ 9ರಂದು ಮೃತ್ಯುಂಜಯ ಹೊಳೆ ಏರಿದ್ದರ ಆನು ಬರೇಕ್ಕಾದ್ದಿಲ್ಲೆ, ಓದುವ ನಿಂಗೊ ಸುಮಾರು ಜೆನ ಅಲ್ಲಿಯೇ ಇತ್ತಿದ್ದಿ. ಕೊಳಂಬೆ ಹೊಡೆಲಿ ಎನ್ನ ಗುರ್ತದ ಒಂದು ಮನೆಯ ಜಾಲಿಲಿ ಮಾಘಮಲ್ಲಿಗೆಯ ಚಪ್ಪರವೇ ಇತ್ತು. ಆ ಅಕ್ಕ ಮದುವೆ ಆಗಿ ಬಪ್ಪಗ ನೆರಿಯದ ತವರಿಂದ ಹಾಳೆಲಿ ಸುತ್ತಿ ತಂದ ಗೆಡು, ನಲುವತ್ತು ವರ್ಷದ್ದು. ನೀರಿಳುದ ಮೇಗೆ ಜಾಲಿಡೀ ಹೊಯಿಗೆ, ಅದರ ಮೇಗೆ ಮರದ ದಿಮ್ಮಿಗೊ, ತೊಳಶಿ ಕಟ್ಟೆಯ ತಲೆ ಮಾಂತ್ರ ಕಾಂಬದು. ಎಲ್ಲೆಲ್ಲಿಂದಲೋ ಜವ್ವನಿಗರು ಬಂದು ಹೊಯಿಗೆ ತೆಗದು ಕೊಟ್ಟವು. ಅಡಕ್ಕೆ ಮರ ಎಷ್ಟು ಹೋತು, ತೆಂಗು ಎಷ್ಟು ಹೋತು ಹೇಳಿ ಎಲ್ಲೋರೂ ಕೇಳಿದವು, ಬರಕ್ಕೊಂಡವು. ಹೂಗಿನ ಗೆಡು ಎಷ್ಟು ಹೋತು ಹೇಳಿ ಆರೂ ಕೇಳಿದ್ದವಿಲ್ಲೆ, ಆ ಅಕ್ಕನೂ ಹೇಳಿದ್ದವಿಲ್ಲೆ.

ಆದರೆ ಅವರ ಕೈ ದಾರಾಳ. ಮುಂಡಾಜೆಯ ನಾದಿನಿಗೆ, ಉಜಿರೆಲಿಪ್ಪ ಅಕ್ಕನ ಸೊಸೆಗೆ, ಎನ್ನ ಅತ್ತೆಗೆ, ಕೇಳಿದವಕ್ಕೆಲ್ಲ ಕಡ್ಡಿ ಕೊಟ್ಟಿತ್ತಿದ್ದವು. ಎನ್ನ ಅತ್ತೆ ನೆಟ್ಟ ಬಳ್ಳಿ ನಮ್ಮ ಬಾವಿಕಟ್ಟೆಯ ಹತ್ತರೆ ಈಗಳೂ ಇದ್ದು. 2020ರ ಮಳೆ ಸುರು ಅಪ್ಪಗ ಆನು ಎರಡು ಬೇರು ಬಂದ ಕಡ್ಡಿ ಹಾಳೆಲಿ ಕಟ್ಟಿ ತೆಕ್ಕೊಂಡು ಹೋದೆ. ಮುಂಡಾಜೆಂದ ಮೊದಲೇ ಮೂರು ಬಂದಿತ್ತು. ಮತ್ತಾಣ ವರ್ಷ ಜನವರಿಲಿ ಒಂದು ಬೊಗಸೆ ಹೂಗು ಬಿಟ್ಟತ್ತಡ. "ನಿನ್ನತ್ತೆಗೆ ಕೊಡದ್ದೆ ಇದ್ದಿದ್ದರೆ ಇಂದು ಎನಗೆ ಇತ್ತಿಲ್ಲೆ ಕೂಸೇ" ಹೇಳಿ ಫೋನಿಲಿ ಹೇಳಿದವು. ಅತ್ತೆ ತೀರಿಹೋಗಿ ಆರು ವರ್ಷ ಆಗಿತ್ತು ಅಂಬಗ.

ಅವರ ನೀಲಿ ಗೋರಟೆಯೂ ಹಾಂಗೆಯೇ ಒಪಾಸು ಬಂತು. ಬೆಳಿ ಗೋರಟೆ ಮಾಂತ್ರ ಇನ್ನೂ ಸಿಕ್ಕಿದ್ದಿಲ್ಲೆ. ಚಾರ್ಮಾಡಿಂದ ಕಕ್ಕಿಂಜೆ, ಸೋಮಂತಡ್ಕವರೆಗೆ ಆನು ಹುಡುಕ್ಕಿದೆ, ಇದ್ದ ಬೇಲಿಗೊ ಎಲ್ಲ ಈಗ ಕಂಪೌಂಡು ಗೋಡೆ ಆಯಿದು. ಆರ ಜಾಲಿಲಿ ಇದ್ದರೂ ಹೇಳಿ. ಈಗ ಹೂಗಿಪ್ಪಗ ಬಣ್ಣ ನೋಡಿ ಗುರ್ತ ಮಾಡಿ ಒಂದು ನೂಲು ಕಟ್ಟಿ ಮಡಗಿ, ಜೂನಿಲಿ ನಾಕು ಮಳೆ ಬಿದ್ದ ಮೇಗೆ ಗೇಣುದ್ದದ ಕಡ್ಡಿ ಕಡುದರೆ ಸಾಕು. ಆನೇ ಬಂದು ತೆಕ್ಕೊಂಡು ಹೋವುತ್ತೆ.